ರೇಷನ್ ಅಂಗಡಿ: ಅಕ್ಕಿಗೆ ಒಳ್ಳೆಯ ಅಂಕ, ಹೆಬ್ಬೆಟ್ಟಿಗೆ ಕಡಿಮೆ ಅಂಕ, ಉಳಿದದ್ದು ಬೀದಿಯವರ ಕೈಲಿ

ರೇಷನ್ ಅಂಗಡಿ ಹೇಗಿದೆ ಎಂದು ಕೇಳಿದರೆ ಹೆಚ್ಚಿನವರು ಅಕ್ಕಿಯ ಬಣ್ಣದಿಂದ ಮಾತು ಶುರು ಮಾಡುತ್ತಾರೆ. ತಕ್ಕಡಿಯಿಂದ ಶುರು ಮಾಡುವುದು ಮೇಲು. ಅಕ್ಕಿ ಒಂದು ತಿಂಗಳು ಚೆನ್ನಾಗಿರುತ್ತದೆ, ಇನ್ನೊಂದು ತಿಂಗಳು ನುಚ್ಚು ಜಾಸ್ತಿ ಇರುತ್ತದೆ. ತಕ್ಕಡಿ ಮಾತ್ರ ಪ್ರತಿ ತಿಂಗಳೂ ಅದೇ.

ಇದು ಯಾವುದೋ ಒಂದು ಡಿಪೋದ, ಅಂದರೆ ಒಂದು ರೇಷನ್ ಅಂಗಡಿಯ, ವಿಮರ್ಶೆಯಲ್ಲ. ಬೆಂಗಳೂರಿನ ಹೊರವಲಯದಲ್ಲಿ ಗಾರೆ ಕೆಲಸದವರು, ಗಾರ್ಮೆಂಟ್ಸ್ ಹೆಂಗಸರು, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ತಗಡಿನ ಶೆಡ್ಡುಗಳಲ್ಲಿರುವ ಕುಟುಂಬಗಳು ಬದುಕುವ ಬಡಾವಣೆಗಳಿವೆ. ಅಲ್ಲಿ ನ್ಯಾಯಬೆಲೆ ಅಂಗಡಿ ಎಂಬ ಸೇವೆ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬ ಲೆಕ್ಕ ಇದು. ತೀರ್ಪನ್ನು ಮೊದಲೇ ಹೇಳಿಬಿಡಬಹುದು: ಧಾನ್ಯ ಅಂಗಡಿಯವರೆಗೆ ಬರುವ ವ್ಯವಸ್ಥೆ ಗಟ್ಟಿಯಾಗಿದೆ. ಕೌಂಟರಿನಿಂದ ಮನೆಯ ಡಬ್ಬಿಗೆ ಸೇರುವ ಕೊನೆಯ ನಾಲ್ಕು ಹೆಜ್ಜೆಯಲ್ಲಿ ಸೋರುತ್ತದೆ. ಆ ಸೋರಿಕೆಯನ್ನು ಒಂಟಿ ಮನುಷ್ಯ ಮುಚ್ಚಲಾರ. ಬೀದಿಯ ಆರೇಳು ಜನ ಸೇರಿದ ಒಂದು ಕೂಟ ಮುಚ್ಚಬಲ್ಲದು.

ತಕ್ಕಡಿಗೆ ಬರೋಣ. ಗೋದಾಮಿನಿಂದ ಡಿಪೋಗೆ ಬರುವುದು 50 ಕಿಲೋ ಚೀಲ. ಹೊಸ ಸೆಣಬಿನ ಚೀಲವೊಂದರ ತೂಕವೇ 580 ಗ್ರಾಂ. ಅಂದರೆ ಅಕ್ಕಿ ಪೂರ್ತಿ 50 ಕಿಲೋ ಬರಬೇಕಿದ್ದರೆ ತುಂಬಿದ ಚೀಲ 50.580 ಕಿಲೋ ತೂಗಬೇಕು. ಗೋದಾಮಿನಲ್ಲಿ ಚೀಲವನ್ನೂ ಸೇರಿಸಿ 50 ಎಂದು ಬರೆದು ಕಳಿಸಿದರೆ ಡಿಪೋದವರ ಕೈಗೆ ಬರುವುದು 49.420 ಕಿಲೋ. ತಿಂಗಳಿಗೆ 100 ಕ್ವಿಂಟಾಲ್ ಹಂಚುವ ಅಂಗಡಿಗೆ ಅದು 200 ಚೀಲ, 116 ಕಿಲೋ ಕೊರತೆ. ಡಿಪೋದವರು ಇದನ್ನು ಎಲ್ಲಿಂದ ತುಂಬುತ್ತಾರೆ? ನಮ್ಮ ನಿಮ್ಮ ಚೀಲದಿಂದ. ಅವರ ದೂರು ಸುಳ್ಳಲ್ಲ. ಆದರೆ ಭಾಗಾಕಾರ ಮಾಡಿ ನೋಡಿ: ಹತ್ತು ಕಿಲೋಗೆ ಆ ಕೊರತೆ 116 ಗ್ರಾಂ ಮಾತ್ರ. ಹತ್ತು ಕಿಲೋಗೆ ಅರ್ಧ ಕಿಲೋ, ಮುಕ್ಕಾಲು ಕಿಲೋ ಹಿಡಿದುಕೊಂಡು "ಚೀಲದ ತೂಕಾಮ್ಮ" ಎನ್ನುವವರ ಲೆಕ್ಕ ಬೇರೆ. ಪ್ಲಾಸ್ಟಿಕ್ ಚೀಲದಲ್ಲಿ ಬಂದ ತಿಂಗಳು ಈ ನೆಪಕ್ಕೆ ಇನ್ನೂ ಕಡಿಮೆ ಜಾಗ, ಅದು ಸೆಣಬಿಗಿಂತ ಬಹಳ ಹಗುರ.

ತಕ್ಕಡಿ ಸರಿಯಿದೆಯೇ ಎಂದು ನೋಡಲು ಉಪಕರಣ ಬೇಡ. ಒಂದು ಕಿಲೋದ ಉಪ್ಪಿನ ಪ್ಯಾಕೆಟ್ ಐದು ತೆಗೆದುಕೊಂಡು ಹೋಗಿ. ತಟ್ಟೆಯ ಮೇಲೆ ಖಾಲಿ ಬೋಗುಣಿ ಇಟ್ಟಾಗ ಸೊನ್ನೆ ತೋರಿಸಬೇಕು, ಪ್ಯಾಕೆಟ್ ಇಟ್ಟಾಗ ಕವರಿನ ತೂಕವೂ ಸೇರಿ ಐದು ಕಿಲೋಗಿಂತ ಒಂದಿಷ್ಟೇ ಗ್ರಾಂ ಮೇಲೆ ತೋರಿಸಬೇಕು. ಇನ್ನೂರು ಮುನ್ನೂರು ಗ್ರಾಂ ಹೆಚ್ಚು ತೋರಿಸಿದರೆ ಅಷ್ಟು ಅಕ್ಕಿ ನಿಮಗೆ ಕಡಿಮೆ ಬೀಳುತ್ತಿದೆ ಎಂದರ್ಥ. ಬದಿಯಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ಅದನ್ನು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕು. ಈ ಪರೀಕ್ಷೆಯನ್ನು ಒಬ್ಬರೇ ಹೋಗಿ ಮಾಡಿದರೆ ಜಗಳವಾಗುತ್ತದೆ. ನಾಲ್ಕು ಜನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ, ಸಾಲು ಸೇರುವ ಮುಂಚೆ, ಡಿಪೋದವರಿಗೆ ಹೇಳಿಯೇ ಮಾಡಿದರೆ ಹತ್ತು ನಿಮಿಷದ ಕೆಲಸ.

ಅಕ್ಕಿಯ ಗುಣಮಟ್ಟಕ್ಕೆ ಹತ್ತರಲ್ಲಿ ಏಳು ಕೊಡಬಹುದು. ಒಂದು ತಪ್ಪು ತಿಳಿವಳಿಕೆ ಮಾತ್ರ ಈಗಲೂ ಊಟದ ತಟ್ಟೆಯಿಂದ ಪೌಷ್ಟಿಕಾಂಶವನ್ನು ಕಿತ್ತುಕೊಳ್ಳುತ್ತಿದೆ. ಪಡಿತರದಲ್ಲಿ ಸಾರವರ್ಧಿತ, ಅಂದರೆ ಪೋಷಕಾಂಶ ಸೇರಿಸಿದ, ಅಕ್ಕಿ ಬಂದಿದೆ. ನೂರು ಕಾಳಿಗೆ ಒಂದು ಕಾಳಿನಂತೆ, ಅಂದರೆ ಕಿಲೋಗೆ ಹತ್ತು ಗ್ರಾಂ, ಅಕ್ಕಿ ಹಿಟ್ಟಿನಿಂದಲೇ ಅಚ್ಚೊತ್ತಿದ ಕಾಳು ಬೆರೆಸಿರುತ್ತಾರೆ. ಅದರಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಇರುತ್ತವೆ. ಅದು ಕೊಂಚ ಮಂಕು, ಕೊಂಚ ಹಳದಿ, ತೊಳೆಯುವಾಗ ಕೆಲವು ಕಾಳು ತೇಲುತ್ತವೆ. "ಪ್ಲಾಸ್ಟಿಕ್ ಅಕ್ಕಿ" ಎಂದು ಮೊರದಲ್ಲಿ ಹಾಕಿಕೊಂಡು ಒಂದೊಂದೇ ಆರಿಸಿ ಎಸೆಯುವ ಮನೆಗಳು ಬೇಕಾದಷ್ಟಿವೆ. ರಕ್ತಹೀನತೆ ಇರುವ ಹುಡುಗಿಯ ಮನೆಯಲ್ಲೇ ಆ ಕಾಳು ಕಸಕ್ಕೆ ಹೋಗುವುದನ್ನು ನೋಡಲಾಗುವುದಿಲ್ಲ. ಇದನ್ನು ಡಿಪೋದವರು ಹೇಳಿದರೆ ಯಾರೂ ನಂಬುವುದಿಲ್ಲ. ಅಂಗನವಾಡಿ ಟೀಚರು ಒಂದು ಬಟ್ಟಲು ನೀರಿನಲ್ಲಿ ಆ ಕಾಳು ನೆನೆಸಿ, ಬೆರಳಲ್ಲಿ ಹಿಸುಕಿ ಹಿಟ್ಟಾಗುವುದನ್ನು ತೋರಿಸಿದರೆ ನಂಬುತ್ತಾರೆ. ಪ್ಲಾಸ್ಟಿಕ್ ಹಾಗೆ ಹಿಟ್ಟಾಗುವುದಿಲ್ಲ.

ಎಷ್ಟು ಸಿಗಬೇಕು ಎಂಬುದು ಸ್ಪಷ್ಟವಾಗಿರಲಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಬಿಪಿಎಲ್ ಎಂದು ನಾವು ಕರೆಯುವ ಆದ್ಯತಾ ಕಾರ್ಡಿಗೆ ತಲೆಗೆ ತಿಂಗಳಿಗೆ 5 ಕಿಲೋ, ಕಡುಬಡವರ ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕಿಲೋ. 2023ರ ಜನವರಿಯಿಂದ ಇದು ಪೂರ್ತಿ ಉಚಿತ. ಇದರ ಮೇಲೆ ರಾಜ್ಯದ ಅನ್ನಭಾಗ್ಯದ ಪಾಲು ಇದೆ. ಅದು ಬದಲಾಗುತ್ತಾ ಬಂದಿದೆ: 2023ರ ಜುಲೈಯಿಂದ ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಬಂತು, 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯಾಯಿತು. ಅದಕ್ಕೇ ಆಯಾ ತಿಂಗಳ ಹಂಚಿಕೆ ಎಷ್ಟು ಎಂಬುದನ್ನು ಅಂಗಡಿಯ ಬೋರ್ಡಿನಲ್ಲಿ ಓದಬೇಕು. 2015ರ ಪಡಿತರ ನಿಯಂತ್ರಣ ಆದೇಶದ ಪ್ರಕಾರ ಹಕ್ಕಿನ ಪ್ರಮಾಣ, ದಾಸ್ತಾನು, ಅಂಗಡಿ ತೆರೆಯುವ ವೇಳೆ, ದೂರು ಕೊಡಬೇಕಾದ ಅಧಿಕಾರಿ ಇಷ್ಟನ್ನೂ ಬೋರ್ಡಿನಲ್ಲಿ ಬರೆಯಲೇಬೇಕು. ಕಾರ್ಡನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಬೋರ್ಡ್ ಖಾಲಿ ಇರುವ ಅಂಗಡಿಗೆ ಅಲ್ಲೇ ಎರಡು ಅಂಕ ಕಳೆಯಿರಿ.

ಈ ಸೇವೆಯ ಅತ್ಯುತ್ತಮ ಭಾಗ ಯಾವ ಅಂಗಡಿಯಲ್ಲಾದರೂ ಪಡೆಯುವ ಸೌಲಭ್ಯ. ರಾಯಚೂರು ಜಿಲ್ಲೆಯ ದೇವದುರ್ಗದ ಕಾರ್ಡು ಬೆಂಗಳೂರಿನಲ್ಲಿ ನಡೆಯುತ್ತದೆ. 2020ರ ಜನವರಿ 1ರಂದು ಅಂತರರಾಜ್ಯ ಪಡಿತರ ಶುರುವಾದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗ ಇಡೀ ದೇಶಕ್ಕೆ ಹಬ್ಬಿದೆ. ಬಿಹಾರದವರೋ ಒಡಿಶಾದವರೋ ಇಲ್ಲಿ ಪಡೆಯಬಹುದು. ಆದರೆ ಅವರಿಗೆ ಸಿಗುವುದು ಕೇಂದ್ರದ ಪಾಲು ಮಾತ್ರ, ನಮ್ಮ ರಾಜ್ಯದ ಹೆಚ್ಚುವರಿ ಪಾಲು ಸಿಗುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಕೌಂಟರಿನಲ್ಲಿ "ಪಕ್ಕದವರಿಗೆ ಅಷ್ಟು, ನಮಗೇಕೆ ಇಷ್ಟು" ಎಂಬ ಜಗಳ ಖಂಡಿತ. ಒಂದೇ ಕಾರ್ಡಿನ ಧಾನ್ಯವನ್ನು ಊರಲ್ಲಿ ಅರ್ಧ, ಇಲ್ಲಿ ಅರ್ಧ ಎತ್ತಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಊರಲ್ಲಿರುವ ಅಮ್ಮ ಮೊದಲ ದಿನವೇ ಪೂರ್ತಿ ಎತ್ತಿಬಿಟ್ಟರೆ ಇಲ್ಲಿಯ ಮಗನಿಗೆ ಯಂತ್ರ ಸೊನ್ನೆ ತೋರಿಸುತ್ತದೆ. ಅದು ಯಂತ್ರದ ತಪ್ಪಲ್ಲ. ತಿಂಗಳ ಮೊದಲ ವಾರ ಊರಿಗೆ ಒಂದು ಫೋನ್ ಮಾಡಿ ಯಾರು ಎಷ್ಟು ಎತ್ತುವುದೆಂದು ಮಾತಾಡಿಕೊಂಡರೆ ಮುಗಿಯಿತು. ಇನ್ನೊಂದು ತೊಡಕು ದಾಸ್ತಾನಿನದು. ವಲಸೆ ಬಂದವರು ಹೆಚ್ಚಿರುವ ಬಡಾವಣೆಯಲ್ಲಿ ಅಂಗಡಿಯ ಸ್ವಂತ ಕಾರ್ಡುಗಳ ಲೆಕ್ಕಕ್ಕೆ ಬಂದ ಅಕ್ಕಿ ಹೊರಗಿನ ಕಾರ್ಡುಗಳಿಗೂ ಹೋಗಿ, ಕೊನೆಯ ವಾರ ಬಂದವರಿಗೆ ಸಿಗುವುದಿಲ್ಲ. ಡಿಪೋದವರು ಹೆಚ್ಚುವರಿ ಹಂಚಿಕೆ ಕೇಳಿ ಬರೆಯಬೇಕು. ಹೊರಗಿನ ಕಾರ್ಡುಗಳ ಪಟ್ಟಿಯನ್ನು ಬೀದಿಯವರು ಮಾಡಿಕೊಟ್ಟರೆ ಅವರೂ ಬರೆಯುತ್ತಾರೆ.

ಕಡಿಮೆ ಅಂಕ ಹೆಬ್ಬೆಟ್ಟಿನ ಯಂತ್ರಕ್ಕೆ. ಸಿಮೆಂಟು ಕಲಸುವವರ, ಸುಣ್ಣ ಬಳಿಯುವವರ, ಪಾತ್ರೆ ತೊಳೆಯುವವರ ಬೆರಳಿನ ಗೆರೆ ಸವೆದಿರುತ್ತದೆ. ವಯಸ್ಸಾದವರ ಚರ್ಮ ಒಣಗಿರುತ್ತದೆ. ಯಾರಿಗೆ ಈ ಅಕ್ಕಿ ಅತ್ಯಗತ್ಯವೋ ಅವರ ಬೆರಳನ್ನೇ ಯಂತ್ರ ಗುರುತಿಸುವುದಿಲ್ಲ, ಇದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ. ಬೆರಳನ್ನು ಬಿಸಿನೀರಲ್ಲಿ ತೊಳೆದು ಒರೆಸಿ, ಒಣಗಿದ್ದರೆ ಚೂರು ಎಣ್ಣೆ ಸವರಿ ಬಟ್ಟೆಯಲ್ಲಿ ಉಜ್ಜಿ ಇಡುವುದು ಮೊದಲ ಪ್ರಯತ್ನ. ಹೆಬ್ಬೆಟ್ಟು ಆಗದಿದ್ದರೆ ಉಂಗುರ ಬೆರಳು, ಕಿರುಬೆರಳು ನೋಡಿ, ಅವು ಕಡಿಮೆ ಸವೆದಿರುತ್ತವೆ. ಯಂತ್ರದ ಗಾಜನ್ನೂ ಒರೆಸಬೇಕು, ಅರ್ಧ ಸಲ ಕೊಳೆ ಅಲ್ಲಿರುತ್ತದೆ. ಅದೂ ಆಗದಿದ್ದರೆ ಮನೆಯ ಇನ್ನೊಬ್ಬ ಸದಸ್ಯರ ಬೆರಳು, ಕಣ್ಣಿನ ಗುರುತು, ಇಲ್ಲವೇ ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ. ಇಷ್ಟಾದರೂ ಆಗದಿದ್ದರೆ? ವಾಪಸ್ ಕಳಿಸುವಂತಿಲ್ಲ. ಗುರುತು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದು, ವಿನಾಯಿತಿ ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು ಎಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ಎಲ್ಲ ರಾಜ್ಯಗಳಿಗೆ ಬರೆದಿದೆ. ಆ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

"ಸರ್ವರ್ ಇಲ್ಲ, ನಾಳೆ ಬನ್ನಿ ಅಮ್ಮಾ." ಈ ಒಂದು ಮಾತಿಗೆ ಒಂದು ದಿನದ ಕೂಲಿ ಹೋಗುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ಹೆಬ್ಬೆಟ್ಟು ಒತ್ತುವಾಗ ಸರ್ವರ್ ನಿಧಾನವಾಗುವುದು ನಿಜ. ಅಂಗಡಿಯೊಳಗೆ ಸಿಮ್ಮಿನ ಸಿಗ್ನಲ್ ಬರದಿರುವುದೂ ಅಷ್ಟೇ ನಿಜ. ಯಂತ್ರವನ್ನು ಬಾಗಿಲ ಹತ್ತಿರ ತಂದು ನೋಡಿ, ಬೇರೆ ಕಂಪನಿಯ ಸಿಮ್ ಹಾಕಿ ನೋಡಿ. ಇದಕ್ಕಿಂತ ಉಪಯೋಗದ್ದು ಬೀದಿಗೊಂದು ದಿನ ಗೊತ್ತು ಮಾಡುವುದು: ಒಂದನೇ ಅಡ್ಡರಸ್ತೆಗೆ ಈ ದಿನ, ಶೆಡ್ಡಿನವರಿಗೆ ಭಾನುವಾರ ಸಂಜೆ. ಡಿಪೋದವರಿಗೂ ಇದರಿಂದ ನೆಮ್ಮದಿ. ಅವರ ಕಮಿಷನ್ ಕ್ವಿಂಟಾಲ್ ಲೆಕ್ಕದ್ದು, ಅಂಗಡಿ ತೆರೆದಿಟ್ಟ ಗಂಟೆಗಳಿಗೆ ಯಾರೂ ಕೊಡುವುದಿಲ್ಲ, ಅದಕ್ಕೇ ಅವರು ದಿನ ಕಡಿಮೆ ಮಾಡುತ್ತಾರೆ. ಅವರನ್ನು ಶತ್ರು ಮಾಡಿಕೊಂಡ ಕೂಟಗಳು ಬಹಳ ದಿನ ಬಾಳಿಲ್ಲ.

ಇನ್ನು ಕೂಟದ ವಿಷಯ. ನೂರು ಜನರ ಸಂಘ ಬೇಡ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಸ್ತ್ರೀಶಕ್ತಿ ಸಂಘದ ಒಬ್ಬರು, ಶೆಡ್ಡಿನ ಕಡೆಯ ಒಬ್ಬ ಮೇಸ್ತ್ರಿ, ಒಬ್ಬ ಆಟೋದವರು, ಮೂಲೆಯ ಕಿರಾಣಿ ಅಂಗಡಿಯವರು, ಅರ್ಜಿ ಬರೆಯಬಲ್ಲ ಒಬ್ಬ ಓದಿದ ಹುಡುಗ ಅಥವಾ ಹುಡುಗಿ. ಏಳು ಜನ. ಶೆಡ್ಡಿನಲ್ಲಿ ವಾಸಿಸುವವರೇ ಒಬ್ಬರಾದರೂ ಇರಬೇಕು, ಇಲ್ಲದಿದ್ದರೆ ಕೂಟ ದಾನಿಗಳ ಕ್ಲಬ್ಬಾಗುತ್ತದೆ. ಕಿರಾಣಿಯವರು ಏಕೆ ಎಂದರೆ, ಯಾವ ಮನೆಯಲ್ಲಿ ತಿಂಗಳ ಇಪ್ಪತ್ತಕ್ಕೇ ಸಾಲದ ಅಕ್ಕಿ ಶುರುವಾಗುತ್ತದೆ ಎಂದು ಅವರ ಪುಸ್ತಕಕ್ಕೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮೊದಲ ತಿಂಗಳು ಒಂದು ಕಾಳನ್ನೂ ಹಂಚಬೇಡಿ. ಇದನ್ನು ಒಪ್ಪಿಸುವುದೇ ಕಷ್ಟ, ಎಲ್ಲರಿಗೂ ಕಿಟ್ ಹಂಚುವ ಆಸೆ. ಮೊದಲು ಬೇಕಾದ್ದು ಒಂದು ಇನ್ನೂರು ಪುಟದ ನೋಟ್‌ಬುಕ್. ಮನೆಗೊಂದು ಸಾಲು: ಮನೆಯ ಗುರುತು, ತಲೆಗಳೆಷ್ಟು, ಕಾರ್ಡು ಇದೆಯೇ, ಇದ್ದರೆ ಯಾವ ಊರಿನದು, ಕಾರ್ಡಿನಲ್ಲಿ ಹೆಸರಿಲ್ಲದವರು ಯಾರು, ಕಳೆದ ತಿಂಗಳು ಎಷ್ಟು ಕಿಲೋ ಬಂತು, ಬರದಿದ್ದರೆ ಕೌಂಟರಿನಲ್ಲಿ ಹೇಳಿದ ಕಾರಣವೇನು. ಕೊನೆಯ ಕಾಲಮ್ಮೇ ಚಿನ್ನ. ಮುನ್ನೂರು ಮನೆ ಸುತ್ತಿದ ಮೇಲೆ ಕಾರಣಗಳು ನಾಲ್ಕೈದಕ್ಕಿಂತ ಹೆಚ್ಚಿರುವುದಿಲ್ಲ: ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಆಗಿಲ್ಲ, ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿದೆ, ಮಗುವಿನ ಹೆಸರು ಸೇರಿಲ್ಲ, ಹದಿನೈದು ದಾಟಿದ ಹುಡುಗನ ಬೆರಳು ಗುರುತು ಆಧಾರಿನಲ್ಲಿ ನವೀಕರಿಸಿಲ್ಲ, ಕಾರ್ಡು ರದ್ದಾಗಿದೆ. ರದ್ದಾದ ಕಾರ್ಡುಗಳಲ್ಲಿ ಸಾಲಕ್ಕಾಗಿ ಒಮ್ಮೆ ಆದಾಯ ತೆರಿಗೆ ರಿಟರ್ನ್ ಹಾಕಿದವರು ಸಿಗುತ್ತಾರೆ. ತೆರಿಗೆ ಕಟ್ಟಿರುವುದಿಲ್ಲ, ರಿಟರ್ನ್ ಮಾತ್ರ ಇರುತ್ತದೆ. ಅದರ ಪ್ರತಿಯ ಜೊತೆ ತಹಶೀಲ್ದಾರರಿಗೆ ಅರ್ಜಿ ಹೋಗಬೇಕು.

ಆ ನೋಟ್‌ಬುಕ್ಕಿನಲ್ಲಿ ಆಧಾರ್ ನಂಬರು ಬರೆಯಲೇಬೇಡಿ, ಬೇಕಿದ್ದರೆ ಕೊನೆಯ ನಾಲ್ಕು ಅಂಕಿ ಸಾಕು. ಆಧಾರ್ ಜೆರಾಕ್ಸ್ ಕೂಡಿಡಬೇಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅಕ್ಕಿ ಕೊಡಿಸುತ್ತೇವೆಂದು ಜೆರಾಕ್ಸ್ ಇಸಿದುಕೊಂಡು ಅದೇ ಕಾಗದದಲ್ಲಿ ಸಿಮ್ ಮಾರುವ ಮೋಸಗಾರರಿದ್ದಾರೆ.

ಎರಡನೇ ತಿಂಗಳಿಂದ ಅರ್ಜಿ. ಒಂದು ಮನೆಗೆ ಒಂದು ಅರ್ಜಿ ಬರೆದರೆ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಒಂದೇ ಕಾರಣದ ಇಪ್ಪತ್ತು ಮನೆ ಸೇರಿಸಿ, ಕಾರ್ಡ್ ಸಂಖ್ಯೆ ಸಹಿತ ಪಟ್ಟಿ ಮಾಡಿ ಆಹಾರ ನಿರೀಕ್ಷಕರಿಗೆ ಕೊಟ್ಟು, ನಕಲಿನ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ. ಸಹಾಯವಾಣಿ 1967ಕ್ಕೂ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಅಲ್ಲಿ ಆಗದಿದ್ದರೆ ಆಹಾರ ಭದ್ರತಾ ಕಾಯ್ದೆಯ 15ನೇ ಕಲಮಿನಡಿ ಜಿಲ್ಲಾ ಕುಂದುಕೊರತೆ ಅಧಿಕಾರಿ, ಅದರ ಮೇಲೆ ರಾಜ್ಯ ಆಹಾರ ಆಯೋಗ. 8ನೇ ಕಲಮನ್ನು ಮರೆಯಬೇಡಿ: ಹಕ್ಕಿನ ಧಾನ್ಯ ಕೊಡದಿದ್ದರೆ ಅದರ ಬದಲು ಆಹಾರ ಭದ್ರತಾ ಭತ್ಯೆ ಎಂದು ಹಣ ಕೊಡಬೇಕು. ಈ ಕಲಮನ್ನು ಅರ್ಜಿಯಲ್ಲಿ ಬರೆದ ಮೇಲೆ ಕಡತ ಬೇಗ ಚಲಿಸುತ್ತದೆ. ಕೂಟಕ್ಕೆ ಕಾನೂನಿನ ಬಾಗಿಲು 29ನೇ ಕಲಮು. ಪ್ರತಿ ನ್ಯಾಯಬೆಲೆ ಅಂಗಡಿಗೂ ಒಂದು ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಪರಿಶಿಷ್ಟರು, ಮಹಿಳೆಯರು, ನಿರ್ಗತಿಕರು ಅಥವಾ ಅಂಗವಿಕಲರು ಇರಬೇಕು. ಎಷ್ಟೋ ಕಡೆ ಆ ಸಮಿತಿ ಕಾಗದದಲ್ಲೇ ಇದೆ. ಕೂಟದ ಇಬ್ಬರಾದರೂ ಅದರೊಳಗೆ ಹೋಗುವುದು ಒಂದು ವರ್ಷದ ಗುರಿಯಾಗಿರಲಿ.

ಅರ್ಜಿ ತೀರ್ಮಾನವಾಗಲು ತಿಂಗಳುಗಟ್ಟಲೆ ಆಗಬಹುದು, ಹೊಟ್ಟೆ ಅಷ್ಟು ದಿನ ಕಾಯುವುದಿಲ್ಲ. ಅಲ್ಲಿಯವರೆಗೆ ಒಂದು ಸಣ್ಣ ದಾಸ್ತಾನು ಬೇಕು. ಮುನ್ನೂರು ಮನೆಗಳ ಬೀದಿಯಲ್ಲಿ ಮೂವತ್ತು ಮನೆಗೆ ಅಡಚಣೆ ಎಂದಿಟ್ಟುಕೊಂಡರೆ ಮನೆಗೆ 10 ಕಿಲೋ ಲೆಕ್ಕದಲ್ಲಿ 300 ಕಿಲೋ, ಅಂದರೆ ಆರು ಚೀಲ ಅಕ್ಕಿ. ಜೊತೆಗೆ ಮನೆಗೊಂದು ಕಿಲೋ ಬೇಳೆ ಮತ್ತು ಒಂದು ಲೀಟರ್ ಎಣ್ಣೆ. ಬೇಳೆ ಬರದ ತಿಂಗಳು ರೇಷನ್ನಿನ ದೊಡ್ಡ ಕೊರತೆಯೇ ಅದು, ಬರೀ ಅನ್ನಕ್ಕೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚೀಲಗಳನ್ನು ನೆಲಕ್ಕೆ ಇಡಬೇಡಿ, ಮರದ ಹಲಗೆ ಹಾಕಿ ಅರ್ಧ ಅಡಿ ಎತ್ತರ, ಗೋಡೆಯಿಂದ ಒಂದು ಅಡಿ ದೂರ. ಗೋಡೆಗೆ ತಾಗಿದ ಚೀಲವೇ ಮೊದಲು ಮುಗ್ಗುವುದು. ಮೊದಲು ಬಂದ ಚೀಲ ಮೊದಲು ಹೋಗಲಿ, ತಾರೀಕನ್ನು ಮಾರ್ಕರಿನಲ್ಲಿ ಚೀಲದ ಮೇಲೆ ಬರೆಯಿರಿ. ದುಡ್ಡು ಒಬ್ಬರ ಗೂಗಲ್ ಪೇಗೆ ಬರುವಂತೆ ಮಾಡಿದ ಕೂಟಗಳು ಜಗಳವಾಡಿ ಮುರಿದಿವೆ. ಸ್ತ್ರೀಶಕ್ತಿ ಸಂಘದ ಖಾತೆ, ಇಬ್ಬರ ಸಹಿ, ತಿಂಗಳ ಲೆಕ್ಕ ಕಿರಾಣಿ ಅಂಗಡಿಯ ಗೋಡೆಗೆ ಅಂಟಿಸುವುದು, ಇಷ್ಟು ಸಾಕು. ತೆಗೆದುಕೊಳ್ಳುವವರ ಫೋಟೊ ಬೇಡವೇ ಬೇಡ. ಒಂದು ಫೋಟೊ ಹಾಕಿದ ಮೇಲೆ ಮಾನಕ್ಕೆ ಅಂಜುವ ಮನೆಗಳು ಮತ್ತೆ ಆ ಬಾಗಿಲಿಗೆ ಬರುವುದಿಲ್ಲ, ಹಸಿದಿರುವುದು ಅವರೇ ಆಗಿರುತ್ತಾರೆ.

ಛತ್ರದಲ್ಲಿ ಉಳಿದ ಊಟ ತರುವ ವಿಚಾರ ಎಲ್ಲ ಸಭೆಯಲ್ಲೂ ಬರುತ್ತದೆ. ಅದು ಬೇರೆಯದೇ ಕೆಲಸ, ಬೇರೆಯದೇ ಶಿಸ್ತು. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗಿಳಿದರೆ ಎರಡು ಗಂಟೆಯೊಳಗೆ ತಟ್ಟೆ ಸೇರಬೇಕು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬೇಯಿಸಿದರೂ ಉಳಿಯುತ್ತದೆ, ಬೆಚ್ಚಗಿನ ಅನ್ನದಲ್ಲಿ ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕಾಯಿ ಚಟ್ನಿ, ಮೊಸರನ್ನ, ಪಾಯಸ ತರಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 2019ರ ನಿಯಮದಂತೆ ಉಳಿದ ಆಹಾರ ಹಂಚುವ ಸಂಸ್ಥೆಗೆ ನೋಂದಣಿಯೂ ಬೇಕು. ಒಲೆಯೇ ಇಲ್ಲದ ಒಂಟಿ ಕೂಲಿಯವರಿಗೆ ಹತ್ತಿರದ ಇಂದಿರಾ ಕ್ಯಾಂಟೀನ್ ದಾರಿ ತೋರಿಸುವುದು ಇದಕ್ಕಿಂತ ಸುಲಭ, ಸುರಕ್ಷಿತ. 2017ರ ಆಗಸ್ಟ್‌ನಲ್ಲಿ ಶುರುವಾದಾಗ ಇಟ್ಟ ದರ ತಿಂಡಿಗೆ 5, ಊಟಕ್ಕೆ 10 ರೂಪಾಯಿ.

ಒಟ್ಟು ಅಂಕ: ಧಾನ್ಯದ ಪೂರೈಕೆ 8, ಗುಣಮಟ್ಟ 7, ಬೇರೆ ಊರಿನ ಕಾರ್ಡಿಗೆ ಸೇವೆ 8, ತೂಕ 5, ಹೆಬ್ಬೆಟ್ಟು 3, ದೂರಿಗೆ ಉತ್ತರ 4. ಕೂಟ ಇರುವ ಬೀದಿಯಲ್ಲಿ ಕೊನೆಯ ಮೂರು ಅಂಕಿಗಳು ಏರುತ್ತವೆ. ಅದು ಏರುತ್ತಿದೆಯೇ ಎಂದು ತಿಳಿಯಲು ತಿಂಗಳ 25ಕ್ಕೆ ಡಿಪೋದವರ ಜೊತೆ ಕೂತು ಆ ತಿಂಗಳು ಇನ್ನೂ ಎತ್ತದ ಕಾರ್ಡುಗಳು ಯಾವುವೆಂದು ನೋಡಿ. ನೋಟ್‌ಬುಕ್ಕಿನ ಜೊತೆ ತಾಳೆ ಹಾಕಿ, ಊರಿಗೆ ಹೋದವರನ್ನು ಬಿಡಿ. ಉಳಿದ ಮನೆಗಳಿಗೆ ಅವತ್ತು ಸಂಜೆಯೇ ಹೋಗಿ ಬಾಗಿಲು ತಟ್ಟಿ. ತಿಂಗಳು ಮುಗಿಯಲು ಇನ್ನೂ ಐದು ದಿನ ಇರುತ್ತದೆ.